ಉದ್ದೀಪನ ಮದ್ದು ಮತ್ತು ದಂಡದ ಭಯ

2010ನೆಯ ಇಸವಿಯ ನವೆಂಬರ್ ತಿಂಗಳಿನಲ್ಲಿ ಚೀನಾ ದೇಶದ ಗುವಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರು ಹರ್ಡಲ್ಸ್ ಓಟವನ್ನು 56.15 ಸೆಕೆಂಡುಗಳಲ್ಲಿ ಮುಗಿಸಿ ಸ್ವರ್ಣಪದಕವನ್ನು ಪಡೆದು, ಅದರ ಬೆನ್ನಿಗೇ ರಿಲೇ ಓಟದಲ್ಲಿ ಮತ್ತೊಂದು ಸ್ವರ್ಣವನ್ನೂ ಗಳಿಸಿದ ಅಶ್ವಿನಿ ಅಕ್ಕುಂಜಿಯವರು ಉಡುಪಿ ಜಿಲ್ಲೆಯ ಸಿದ್ದಾಪುರದ ಜನ್ಸಾಲೆಯವರೆಂಬುದು ನಮ್ಮ ಕರಾವಳಿಗೆ ಹೆಮ್ಮೆಯ ಸಂಗತಿಯಾಗಿದ್ದಿತು. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ದಿಲ್ಲಿಯ ಕಾಮನ್‌ವೆಲ್ತ್ ಕೂಟದಲ್ಲಿಯೂ ಅದೇ ನಾಲ್ವರ ರಿಲೇ ತಂಡವು ಸ್ವರ್ಣವನ್ನು ಗೆದ್ದಿದ್ದಿತು. ಆದರೆ 2011ರ ಮಳೆಗಾಲವು ಹಿಡಿಯುವ ಹೊತ್ತಿಗೆ, ಆ ನಾಲ್ವರಲ್ಲಿ ಮೂವರೂ ಸೇರಿದಂತೆ 400 ಮೀಟರು ಓಟದ ಆರು ಮಂದಿ ಭಾರತೀಯ ಓಟಗಾರ್ತಿಯರ ಮೂತ್ರದ ಮಾದರಿಗಳಲ್ಲಿ ಅನಬಾಲಿಕ್ ಸ್ಟೀರಾಯ್ಡ್ ಎಂಬ ನಿಷಿದ್ಧ ದ್ರವ್ಯದ ಕುರುಹುಗಳು ಗೋಚರಿಸಿದುವೆಂದೂ, ಅಶ್ವಿನಿಯವರು ಅವರಲ್ಲಿ ಒಬ್ಬರೆಂದೂ ವಾರ್ತೆ ಬಂದಿತು.

ತಾವು ತಿಳಿದು ಯಾವ ಮದ್ದನ್ನೂ ಸೇವಿಸಿಲ್ಲವೆಂದೂ, ಯುಕ್ರೇನ್ ದೇಶದ ತರಬೇತುದಾರರಾದ ಯೂರಿ ಒಗೊರೊದ್ನಿಕ್ ಅವರು ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಗುಳಿಗೆಗಳಲ್ಲಿ ಅದು ಬೆರೆತಿದ್ದಿರಬೇಕೆಂದೂ ಓಟಗಾರ್ತಿಯರು ನಿವೇದಿಸಿಕೊಂಡರು. ತರಬೇತುದಾರರನ್ನು ಸರ್ಕಾರವು ಕೂಡಲೇ ಕೆಲಸದಿಂದ ತೆಗೆದುಹಾಕಿತು. ಈ ವಾದವನ್ನು ಬಹುಮಟ್ಟಿಗೆ ಮನ್ನಿಸಿದ ಭಾರತದ ಶಿಸ್ತುಮಂಡಲಿಯು 2011ರ ಡಿಸೆಂಬರಿನಲ್ಲಿ ಒಂದು ವರ್ಷದ ನಿಷೇಧವನ್ನು ವಿಧಿಸಿತಾದರೂ, ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟವು ಸ್ವಿಟ್ಜರ್ಲೆಂಡಿನ ಲೌಸಾನ್ ನಗರದ ಕ್ರೀಡಾ ನ್ಯಾಯಮಂಡಳಿಗೆ ಮೇಲ್ಮನವಿಯನ್ನು ಸಲ್ಲಿಸಲಾಗಿ, 2012ರ ಜುಲೈ ತಿಂಗಳಿನಲ್ಲಿ ಆ ಶಿಕ್ಷೆಯು ಎರಡು ವರ್ಷಕ್ಕೇರಿತು. ಅದೇ ತಿಂಗಳ ಕೊನೆಯಲ್ಲಿ ಆರಂಭವಾದ ಲಂಡನ್ ಒಲಿಂಪಿಕ್ಸ್ ಅವರೆಲ್ಲರ ಕೈತಪ್ಪಿತು. ಒಬ್ಬ ಓಟಗಾರ್ತಿಯ ಜೀವನದಲ್ಲಿ ಇಪ್ಪತ್ತಮೂರರಿಂದ ಇಪ್ಪತ್ತೈದರವರೆಗಿನ ವಯಸ್ಸೆಂದರೆ ಎಷ್ಟು ಅಮೂಲ್ಯವೆಂಬುದನ್ನು ಬಲ್ಲವರು ಇದನ್ನು ಅಲ್ಪದಂಡವೆಂದು ಎಣಿಸಲಾರರು. ಆದರೂ ಇಂತಹ ದಂಡನೆಗಳಿಂದ ಮದ್ದಿನ ಸೇವನೆಯು ನಿಜವಾಗಿ ತಗ್ಗುವುದೇ ಎಂಬ ಪ್ರಶ್ನೆಯು ಹಾಗೆಯೇ ಉಳಿಯುತ್ತದೆ; ಅದಕ್ಕೆ ಉತ್ತರವನ್ನು ನ್ಯಾಯಶಾಸ್ತ್ರದಲ್ಲಿ ಮಾತ್ರವಲ್ಲದೆ ರಸಾಯನಶಾಸ್ತ್ರದಲ್ಲಿಯೂ ಶರೀರಶಾಸ್ತ್ರದಲ್ಲಿಯೂ ಹುಡುಕಬೇಕಾಗಿದೆ.

ಮೊದಲು ಒಂದು ಸಂದೇಹವನ್ನು ನಿವಾರಿಸಿಕೊಳ್ಳೋಣ. ಉಬ್ಬಸಕ್ಕೋ ಚರ್ಮರೋಗಕ್ಕೋ ಸಂಧಿವಾತಕ್ಕೋ ವೈದ್ಯರು ಕೊಡುವ ಸ್ಟೀರಾಯ್ಡುಗಳು ಬೇರೆ, ಇಲ್ಲಿ ಹೇಳುತ್ತಿರುವ ಸ್ಟೀರಾಯ್ಡುಗಳು ಬೇರೆ. ನಾಲ್ಕು ಇಂಗಾಲದ ಉಂಗುರಗಳು ಒಂದಕ್ಕೊಂದು ಬೆಸೆದುಕೊಂಡ ಅಸ್ಥಿಪಂಜರವು ಎರಡಕ್ಕೂ ಸಮಾನ. ಎರಡೂ ದೇಹದಲ್ಲಿ ಕೊಲೆಸ್ಟರಾಲಿನಿಂದಲೇ ಹುಟ್ಟತಕ್ಕ ಹಾರ್ಮೋನುಗಳ ಬಂಧುಗಳು. ಆದರೆ ಮೊದಲನೆಯವು ಉರಿಯೂತವನ್ನು ಶಮನಗೊಳಿಸಿದರೆ, ಎರಡನೆಯವು ಪುರುಷ ಹಾರ್ಮೋನಾದ ಟೆಸ್ಟೋಸ್ಟೆರೋನಿನ ಅನುಕೃತಿಗಳಾಗಿದ್ದು ಸ್ನಾಯುಗಳನ್ನು ಬೆಳೆಸುತ್ತವೆ. 1935ರಲ್ಲಿ ಬುಟೆನಾಂಟ್ ಮತ್ತು ರುಜಿಚ್ಕಾ ಎಂಬ ರಸಾಯನಜ್ಞರು ಟೆಸ್ಟೋಸ್ಟೆರೋನನ್ನು ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿದರು. 1939ರಲ್ಲಿ ಅವರಿಬ್ಬರಿಗೂ ನೊಬೆಲ್ ಪಾರಿತೋಷಕವು ದೊರೆಯಿತು. ಗುಳಿಗೆಯ ರೂಪದಲ್ಲಿ ನುಂಗಿದ ಟೆಸ್ಟೋಸ್ಟೆರೋನು ಯಕೃತ್ತಿನಲ್ಲಿಯೇ ನಾಶವಾಗಿಬಿಡುವುದರಿಂದ, ಅದರ ಹದಿನೇಳನೆಯ ಇಂಗಾಲಕ್ಕೆ ಒಂದು ಮೀಥೈಲ್ ಗುಂಪನ್ನು ಜೋಡಿಸಿ ಯಕೃತ್ತಿನ ಆಕ್ರಮಣವನ್ನು ತಪ್ಪಿಸಿಕೊಳ್ಳಬಲ್ಲ ಹೊಸ ಅಣುಗಳನ್ನು ಔಷಧ ಕಂಪನಿಗಳು ರೂಪಿಸಿದುವು. 2011ರ ಪ್ರಕರಣದಲ್ಲಿ ಕೇಳಿಬಂದ ಮೆಥಾಂಡಿಯೆನೋನ್ ಎಂಬುದು ಅಂತಹದೇ ಒಂದು ಅಣು. 1958ರಲ್ಲಿ ಡಯಾನಬಾಲ್ ಎಂಬ ಹೆಸರಿನಿಂದ ಅಮೆರಿಕೆಯ ಪೇಟೆಗೆ ಬಂದ ಇದು ಅಲ್ಲಿಯ ಭಾರ ಎತ್ತುವವರ ಮೂಲಕ ಕ್ರೀಡಾಜಗತ್ತನ್ನು ಹೊಕ್ಕಿತು.

ಈ ಅಣುವು ಸ್ನಾಯುಕೋಶದೊಳಗಿನ ಗ್ರಾಹಕವೊಂದಕ್ಕೆ ಅಂಟಿಕೊಂಡು, ಅದರೊಡನೆ ಕೋಶಕೇಂದ್ರವನ್ನು ಪ್ರವೇಶಿಸಿ, ಪ್ರೋಟೀನನ್ನು ಕಟ್ಟತಕ್ಕ ವಂಶವಾಹಿಗಳನ್ನು ಚುರುಕುಗೊಳಿಸುತ್ತದೆ. ಸ್ನಾಯುತಂತುವಿನ ಅಂಚಿನಲ್ಲಿ ಸುಪ್ತವಾಗಿರುವ ಉಪಕೋಶಗಳು ಎಚ್ಚತ್ತು ತಂತುವಿನೊಳಗೆ ಬೆರೆತು, ಅದಕ್ಕೆ ಹೊಸ ಕೋಶಕೇಂದ್ರಗಳನ್ನು ಒದಗಿಸುತ್ತವೆ. ಇದರಿಂದ ನಿಜಕ್ಕೂ ಬಲವು ವೃದ್ಧಿಸುವುದೇ ಎಂಬ ವಿಷಯದಲ್ಲಿ ವೈದ್ಯರು ಬಹುಕಾಲ ಸಂಶಯಪಡುತ್ತಿದ್ದರು. ಭಾರತೀಯ ಮೂಲದ ವೈದ್ಯವಿಜ್ಞಾನಿ ಶಲೇಂದರ್ ಭಾಸಿನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪ್ರಯೋಗವು ಆ ಸಂಶಯವನ್ನು ಅಳಿಸಿತು. ವಾರಕ್ಕೆ 600 ಮಿಲಿಗ್ರಾಮಿನಂತೆ ಹತ್ತು ವಾರ ಟೆಸ್ಟೋಸ್ಟೆರೋನನ್ನು ಚುಚ್ಚಿಸಿಕೊಂಡು ಯಾವ ವ್ಯಾಯಾಮವನ್ನೂ ಮಾಡದೆ ಇದ್ದ ಪುರುಷರ ಕೊಬ್ಬುರಹಿತ ದೇಹಭಾರವು ಸರಾಸರಿ 3.2 ಕಿಲೋಗ್ರಾಂ ಹೆಚ್ಚಿದರೆ, ಮದ್ದಿಲ್ಲದೆ ಬೆವರು ಸುರಿಸಿ ವ್ಯಾಯಾಮ ಮಾಡಿದವರಿಗೆ ದೊರೆತುದು 1.9 ಕಿಲೋಗ್ರಾಂ ಮಾತ್ರ. ಮದ್ದು ಮತ್ತು ವ್ಯಾಯಾಮಗಳೆರಡೂ ಕೂಡಿದಲ್ಲಿ 6.1 ಕಿಲೋಗ್ರಾಂ ಕಂಡುಬಂದಿತು. ಶ್ರಮಿಸಿದವನಿಗಿಂತ ಸುಮ್ಮನೆ ಕುಳಿತವನು ಹೆಚ್ಚು ಪಡೆಯುವಂತಾದರೆ ಕ್ರೀಡೆಗೆ ಅರ್ಥವೆಲ್ಲಿ ಉಳಿಯಿತು?

ಇದಕ್ಕೆ ದೇಹವು ತೆರತಕ್ಕ ಬೆಲೆಯೂ ದೊಡ್ಡದು. ಹೊರಗಿನಿಂದ ಹಾರ್ಮೋನು ಬರುತ್ತಿರುವುದನ್ನು ಗ್ರಹಿಸಿದ ಮೆದುಳು ತನ್ನ ಆಜ್ಞೆಗಳನ್ನು ನಿಲ್ಲಿಸುವುದರಿಂದ ವೃಷಣಗಳು ಕುಗ್ಗಿ, ವೀರ್ಯಾಣುಗಳ ಉತ್ಪತ್ತಿಯು ತಗ್ಗುತ್ತದೆ. ಹೆಚ್ಚುವರಿ ಹಾರ್ಮೋನಿನ ಒಂದಂಶವು ಸ್ತ್ರೀ ಹಾರ್ಮೋನಾಗಿ ಮಾರ್ಪಟ್ಟು ಗಂಡಸರಲ್ಲಿ ಎದೆ ಬೆಳೆಯುವುದುಂಟು. ರಕ್ತದಲ್ಲಿನ ಹಿತಕರ ಕೊಲೆಸ್ಟರಾಲು ಇಳಿದು, ಹೃದಯದ ಗೋಡೆಯು ದಪ್ಪವಾಗುತ್ತದೆ. ಹೆಂಗಸರಲ್ಲಿ ದನಿಯು ಒಡೆದರೆ ಅದು ಮತ್ತೆ ಮೊದಲಿನಂತಾಗದು. ಎಳೆಯ ವಯಸ್ಸಿನವರಲ್ಲಿಯಂತೂ ಎಲುಬಿನ ತುದಿಗಳು ಅಕಾಲದಲ್ಲಿ ಮುಚ್ಚಿಕೊಂಡು ಎತ್ತರವು ಕುಂಠಿತವಾಗುತ್ತದೆ.

ಅಪರಾಧಕ್ಕೆ ತಕ್ಕುದಾದ ದಂಡವಿರಬೇಕೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ವಿಧಿಸಿದ್ದಾನೆ. 1764ರಲ್ಲಿ ಇಟಲಿಯ ಬೆಕಾರಿಯಾ ಎಂಬ ಚಿಂತಕನು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ದಂಡದ ಕ್ರೌರ್ಯಕ್ಕಿಂತ ಅದರ ನಿಶ್ಚಿತತೆಯೇ ಅಪರಾಧವನ್ನು ತಡೆಯಬಲ್ಲುದೆಂದು ವಾದಿಸಿದನು. ಈ ತತ್ತ್ವವನ್ನು ಒರೆಗೆ ಹಚ್ಚಿ ನೋಡಲು ಅಮೆರಿಕೆಯ ವೃತ್ತಿಪರ ಬೇಸ್‌ಬಾಲ್ ಆಟಕ್ಕಿಂತ ಒಳ್ಳೆಯ ದೃಷ್ಟಾಂತವು ಸಿಗಲಾರದು. ದಾಂಡಿನಿಂದ ಚೆಂಡನ್ನು ಅಂಗಳದಾಚೆಗೆ ಹೊಡೆಯುವುದೇ ಪರಮ ವೈಭವವೆನಿಸಿಕೊಂಡಿರುವ ಆ ಆಟದಲ್ಲಿ 1998ರಲ್ಲಿ ಮಾರ್ಕ್ ಮೆಗ್ವಾಯರ್ ಒಂದೇ ಋತುವಿನಲ್ಲಿ 70 ಬಾರಿಯೂ, 2001ರಲ್ಲಿ ಬ್ಯಾರಿ ಬಾಂಡ್ಸ್ 73 ಬಾರಿಯೂ ಹಾಗೆ ಹೊಡೆದಾಗ, ಈ ಅಸಾಧಾರಣ ಬಲದ ಮೂಲವೇನೆಂಬ ಶಂಕೆಯು ಹುಟ್ಟಿತು. 2003ರಲ್ಲಿ ಹೆಸರುಗಳನ್ನು ಗುಪ್ತವಾಗಿಟ್ಟು ನಡೆಸಿದ ಪರೀಕ್ಷೆಯಲ್ಲಿ ಶೇಕಡಾ 5ರಿಂದ 7ರಷ್ಟು ಮಾದರಿಗಳಲ್ಲಿ ಮದ್ದು ಕಂಡುಬಂದಿತು. 2005ರಲ್ಲಿ ಮೊದಲ ತಪ್ಪಿಗೆ ಹತ್ತು ದಿನಗಳ ಅಮಾನತು ಮಾತ್ರವಿದ್ದುದು, 2006ರಲ್ಲಿ 50 ಪಂದ್ಯಗಳಿಗೂ, 2014ರಲ್ಲಿ 80 ಪಂದ್ಯಗಳಿಗೂ ಏರಿತು. ಎರಡನೆಯ ತಪ್ಪಿಗೆ ಇಡಿಯ ಋತುವಿನ 162 ಪಂದ್ಯಗಳು, ಮೂರನೆಯದಕ್ಕೆ ಆಜೀವ ನಿಷೇಧ. ಪರೀಕ್ಷೆಯು ಬಂದಮೇಲೆ ಹಳೆಯ ಸುಲಭ ಮದ್ದುಗಳ ಬಳಕೆಯು ತಗ್ಗಿತೆಂಬುದು ಒಪ್ಪತಕ್ಕ ಮಾತೇ ಆಗಿದೆ. ಆದರೆ 2013ರಲ್ಲಿ ಫ್ಲಾರಿಡಾದ ಒಂದು ಚಿಕಿತ್ಸಾಲಯದ ಕಾಗದಪತ್ರಗಳು ಬಯಲಾಗಿ, ಹನ್ನೆರಡು ಮಂದಿ ಒಂದೇ ದಿನ 50 ಪಂದ್ಯಗಳ ಅಮಾನತನ್ನು ಒಪ್ಪಿಕೊಂಡಾಗ, ಅಲೆಕ್ಸ್ ರಾಡ್ರಿಗಸ್ ಎಂಬ ಪ್ರಖ್ಯಾತನಿಗೆ 211 ಪಂದ್ಯಗಳ ಅಮಾನತು ಘೋಷಿತವಾಗಿ ಮುಂದೆ ಅದು 162ಕ್ಕೆ ಇಳಿದಾಗ, ಅವರಲ್ಲಿ ಬಹುಮಂದಿಯನ್ನು ಹಿಡಿದುಕೊಟ್ಟುದು ಮೂತ್ರಪರೀಕ್ಷೆಯಲ್ಲ, ಆ ಕಾಗದಪತ್ರಗಳೆಂಬುದು ಸ್ಪಷ್ಟವಾಯಿತು. ಅಮಾನತನ್ನು ಅನುಭವಿಸಿದ ಜಾನಿ ಪೆರಾಲ್ಟಾ ಎಂಬ ಆಟಗಾರನಿಗೆ ಅದೇ ವರ್ಷ ಸೇಂಟ್ ಲೂಯಿಸ್ ತಂಡವು ನಾಲ್ಕು ವರ್ಷಗಳಿಗೆ 5 ಕೋಟಿ 30 ಲಕ್ಷ ಡಾಲರುಗಳ ಕರಾರನ್ನು ಬರೆದುಕೊಟ್ಟಿತು. ದಂಡವು ಕಳೆದ ಮೇಲೆ ಸಂಭಾವನೆಯು ಇಷ್ಟು ಭರ್ಜರಿಯಾಗಿ ಕಾದಿರುವಲ್ಲಿ, ಆ ದಂಡವನ್ನು ವ್ಯಾಪಾರದ ಖರ್ಚೆಂದು ಬಗೆಯುವವರು ಇದ್ದರೆ ಅಚ್ಚರಿಪಡಬೇಕಾದುದಿಲ್ಲ.

ಸಿಕ್ಕಿಬೀಳುವ ಸಂಭವವಾದರೂ ಎಷ್ಟು? ಮೂತ್ರದಲ್ಲಿರುವ ಅಣುಗಳನ್ನು ಬೇರ್ಪಡಿಸಿ, ಅವುಗಳ ದ್ರವ್ಯರಾಶಿಯನ್ನು ಅಳೆದು ಗುರುತಿಸುವ ಯಂತ್ರಗಳು ಅತಿ ಸೂಕ್ಷ್ಮವಾದುವು. ದೇಹದಲ್ಲಿ ಸಹಜವಾಗಿಯೇ ಇರುವ ಟೆಸ್ಟೋಸ್ಟೆರೋನಿನಲ್ಲಿ ಹೊರಗಿನ ಪಾಲೆಷ್ಟೆಂಬುದನ್ನು ನಿರ್ಣಯಿಸುವುದಕ್ಕೂ ಉಪಾಯವಿದೆ: ಕಾರ್ಖಾನೆಯ ಟೆಸ್ಟೋಸ್ಟೆರೋನು ಸೋಯಾದಂತಹ ಸಸ್ಯಗಳಿಂದ ತಯಾರಾಗುವುದರಿಂದ, ಇಂಗಾಲ-13 ಎಂಬ ಭಾರವಾದ ಐಸೊಟೋಪಿನ ಪ್ರಮಾಣವು ಅದರಲ್ಲಿ ಕಡಿಮೆಯಿರುತ್ತದೆ. ಆದರೆ ಯಂತ್ರವೆಷ್ಟು ಸೂಕ್ಷ್ಮವಾದರೂ ಮಾದರಿಯನ್ನು ತೆಗೆಯುವ ದಿನವು ತಪ್ಪಿದರೆ ಫಲವಿಲ್ಲ. ರಾತ್ರಿ ಸವರಿಕೊಂಡ ಅಲ್ಪ ಪ್ರಮಾಣದ ಲೇಪವು ಕೆಲವೇ ಗಂಟೆಗಳಲ್ಲಿ ಪತ್ತೆಯ ಮಿತಿಯಿಂದ ಕೆಳಗಿಳಿಯುತ್ತದೆ. 2011ರಲ್ಲಿ ದಕ್ಷಿಣ ಕೊರಿಯಾದ ಡೇಗುವಿನಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್ ಕೂಟದಲ್ಲಿ, ಉತ್ತರಿಸಿದವರ ಗುಟ್ಟು ಸಂಪೂರ್ಣ ಉಳಿಯುವಂತಹ ವಿಧಾನದಿಂದ ಕ್ರೀಡಾಳುಗಳನ್ನು ಪ್ರಶ್ನಿಸಿದ ಸಂಶೋಧಕರು, ಹಿಂದಿನ ಒಂದು ವರ್ಷದಲ್ಲಿ ಮದ್ದನ್ನು ಬಳಸಿದವರು ಶೇಕಡಾ 43.6ರಷ್ಟಿರಬೇಕೆಂದು ಅಂದಾಜು ಮಾಡಿದರು. ಅದೇ ಕೂಟದ ಪರೀಕ್ಷೆಗಳಲ್ಲಿ ಸಿಕ್ಕಿದವರು ಶೇಕಡಾ ಒಂದಕ್ಕಿಂತಲೂ ಕಡಿಮೆ. ಈ ಅಂತರದಲ್ಲಿಯೇ ದಂಡನೀತಿಯ ದೌರ್ಬಲ್ಯವೆಲ್ಲವೂ ಅಡಗಿದೆ ಎಂಬುದು ನನ್ನ ಅಭಿಪ್ರಾಯ.

ಶರೀರಶಾಸ್ತ್ರವು ಇನ್ನೊಂದು ಅಹಿತಕರ ಸತ್ಯವನ್ನೂ ಮುಂದಿಡುತ್ತದೆ. ಓಸ್ಲೋ ವಿಶ್ವವಿದ್ಯಾಲಯದ ಗುಂಡರ್ಸನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಲಿಗಳಿಗೆ ಕೆಲಕಾಲ ಟೆಸ್ಟೋಸ್ಟೆರೋನನ್ನು ಕೊಟ್ಟು ನಿಲ್ಲಿಸಿದ ಮೇಲೆ ಸ್ನಾಯುವಿನ ಗಾತ್ರವು ಕುಗ್ಗಿತಾದರೂ, ಹೊಸದಾಗಿ ಸೇರಿದ್ದ ಕೋಶಕೇಂದ್ರಗಳು ಮೂರು ತಿಂಗಳಾದರೂ ಹಾಗೆಯೇ ಉಳಿದಿದ್ದುವು. ಇಲಿಯ ಆಯುಷ್ಯದಲ್ಲಿ ಅದು ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು. ಆ ಬಳಿಕ ವ್ಯಾಯಾಮವನ್ನು ಒದಗಿಸಿದೊಡನೆ ಆ ಸ್ನಾಯುಗಳು ಆರೇ ದಿನಗಳಲ್ಲಿ ಶೇಕಡಾ 30ರಷ್ಟು ಬೆಳೆದುವು; ಮದ್ದನ್ನು ಕಾಣದ ಇಲಿಗಳಲ್ಲಿ ಅಂತಹ ಬೆಳವಣಿಗೆಯು ಕಾಣಿಸಲಿಲ್ಲ. ಮನುಷ್ಯನಲ್ಲಿಯೂ ಹೀಗೆಯೇ ಆಗುವುದಾದರೆ, ಅಮಾನತಿನ ಅವಧಿಯು ಮುಗಿದು ಮರಳಿ ಬಂದ ಕಪಟಿಯು ತನ್ನ ಅಕ್ರಮ ಲಾಭವನ್ನು ಸ್ನಾಯುವಿನಲ್ಲಿಯೇ ಹೊತ್ತು ತರುತ್ತಾನೆ.

ವಿಶ್ವ ಉದ್ದೀಪನ ಮದ್ದು ನಿಗ್ರಹ ಸಂಸ್ಥೆಯು 2015ರಿಂದ ಉದ್ದೇಶಪೂರ್ವಕ ತಪ್ಪಿನ ಮೊದಲ ಶಿಕ್ಷೆಯನ್ನು ಎರಡರಿಂದ ನಾಲ್ಕು ವರ್ಷಗಳಿಗೆ ಏರಿಸಿದೆ. ನಮ್ಮ ಸಂಸತ್ತು 2022ರಲ್ಲಿ ಈ ವಿಷಯಕ್ಕೆಂದೇ ಶಾಸನವನ್ನು ಮಾಡಿದೆ. ಆದರೂ 2023ರಲ್ಲಿ ಭಾರತದಿಂದ ಪರೀಕ್ಷಿಸಲ್ಪಟ್ಟ 5,606 ಮಾದರಿಗಳಲ್ಲಿ ಶೇಕಡಾ 3.8ರಷ್ಟು ದೋಷಯುಕ್ತವಾಗಿದ್ದುವು, 28 ಸಾವಿರಕ್ಕೂ ಮಿಕ್ಕಿ ಮಾದರಿಗಳನ್ನು ಪರೀಕ್ಷಿಸಿದ ಚೀನಾದಲ್ಲಿ ಆ ಪ್ರಮಾಣವು ಶೇಕಡಾ 0.2 ಮಾತ್ರ. 2011ರ ಆರು ಮಂದಿಯಲ್ಲಿ ಒಬ್ಬರು 2016ರಲ್ಲಿ ಬೇರೊಂದು ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಎಂಟು ವರ್ಷಗಳ ನಿಷೇಧಕ್ಕೆ ಗುರಿಯಾದರೆಂಬುದನ್ನು ನೆನೆದರೆ, ಒಮ್ಮೆ ದಂಡವನ್ನು ಅನುಭವಿಸಿದವರನ್ನೂ ಆ ಅನುಭವವು ನಿಶ್ಚಯವಾಗಿ ಕಾಯಲಾರದೆಂಬುದು ವೇದ್ಯವಾಗುತ್ತದೆ. ಜಿನ್ಸೆಂಗಿನ ವಾದವನ್ನು ಕೂಡ ನಾವು ಹಗುರವಾಗಿ ತಳ್ಳಿಹಾಕಬಾರದು. ಜರ್ಮನಿಯ ಕಲೋನ್ ಪ್ರಯೋಗಾಲಯದವರು 13 ದೇಶಗಳಿಂದ ಕೊಂಡ 634 ಪೌಷ್ಟಿಕ ಪದಾರ್ಥಗಳಲ್ಲಿ 94ರಲ್ಲಿ, ಅಂದರೆ ಏಳರಲ್ಲೊಂದು ಪಾಲಿನಲ್ಲಿ, ಚೀಟಿಯಲ್ಲಿ ನಮೂದಿಸದ ಸ್ಟೀರಾಯ್ಡು ಹಾರ್ಮೋನುಗಳಿದ್ದುವೆಂದು 2004ರಲ್ಲಿ ವರದಿ ಮಾಡಿದ್ದಾರೆ. ತಿಳಿಯದೆ ನುಂಗಿದವನನ್ನು ಎಷ್ಟು ಉಗ್ರವಾದ ದಂಡವು ತಾನೇ ಮೊದಲೇ ತಡೆಯಬಲ್ಲುದು? ದೇಹದಲ್ಲಿ ಕಂಡುದಕ್ಕೆಲ್ಲ ಕ್ರೀಡಾಳುವೇ ಹೊಣೆಯೆಂಬ ನಿಯಮವು ಅನಿವಾರ್ಯವಿರಬಹುದು. ಆದರೆ ಗುಳಿಗೆಯನ್ನು ಕೈಗಿತ್ತವನೂ ಅಷ್ಟೇ ನಿಶ್ಚಯವಾಗಿ ಶಿಕ್ಷೆಗೆ ಒಳಗಾಗುವಂತಿಲ್ಲದಿದ್ದರೆ, ಆ ನಿಯಮದ ಭಾರವೆಲ್ಲವೂ ಅತ್ಯಂತ ದುರ್ಬಲರ ಮೇಲೆ ಬೀಳುತ್ತದೆ.

ನಮ್ಮದು ಗರಡಿಗಳ ನಾಡು. ಕಟಪಾಡಿ, ಮಿಯ್ಯಾರುಗಳ ಕಂಬಳದ ಕರೆಯಲ್ಲಿ ಕೋಣಗಳ ಹಿಂದೆ ಓಡುವ ತರುಣರನ್ನೂ, ಉಡುಪಿಯ ಅಜ್ಜರಕಾಡಿನ ಕ್ರೀಡಾಂಗಣದಲ್ಲಿ ಬೆಳಗಿನ ಹೊತ್ತು ಬೆವರಿಳಿಸುವ ಹೈಸ್ಕೂಲು ಮಕ್ಕಳನ್ನೂ ಕಂಡವರಿಗೆ, ಇಲ್ಲಿ ದೇಹಬಲವು ಎಷ್ಟು ಗೌರವಕ್ಕೆ ಪಾತ್ರವಾದುದೆಂಬುದನ್ನು ಹೇಳಬೇಕಾಗಿಲ್ಲ. ಬರಿಯ ಮೈಕಟ್ಟಿನ ಆಸೆಯಿಂದ ಜಿಮ್ಮಿಗೆ ಹೋಗುವ ತರುಣನ ಮೂತ್ರವನ್ನು ಯಾರೂ ಪರೀಕ್ಷಿಸುವುದಿಲ್ಲ. ಕ್ರೀಡಾ ನ್ಯಾಯಮಂಡಳಿಯ ಯಾವ ದಂಡವೂ ಅವನನ್ನು ಮುಟ್ಟದು. ಅವನನ್ನು ಕಾಯಬಲ್ಲುದು ತಿಳಿವಳಿಕೆಯೊಂದೇ. ವೈದ್ಯರ ಚೀಟಿಯಿಲ್ಲದೆ ಇಂತಹ ಹಾರ್ಮೋನುಗಳನ್ನು ಮಾರಕೂಡದೆಂಬ ಕಾನೂನು ಇದ್ದೇ ಇದೆ. ಅದನ್ನು ಔಷಧದಂಗಡಿಯ ಮೆಟ್ಟಿಲಿನವರೆಗೆ ತರತಕ್ಕ ಕೆಲಸವು ಆಗಬೇಕು. 1953ರಿಂದ ವೈದ್ಯಶಿಕ್ಷಣವನ್ನು ನೀಡುತ್ತ ಬಂದಿರುವ ಮಣಿಪಾಲವು ಅಜ್ಜರಕಾಡಿನಿಂದ ಕೆಲವೇ ಕಿಲೋಮೀಟರುಗಳ ಅಂತರದಲ್ಲಿರುವಾಗ, ಜಿಲ್ಲಾ ಮಟ್ಟದ ಕೂಟಗಳಿಗೆ ಮುಂಚೆ ಮಕ್ಕಳಿಗೂ ದೈಹಿಕ ಶಿಕ್ಷಕರಿಗೂ ಅಲ್ಲಿಯ ವೈದ್ಯರಿಂದ ಒಂದು ಗಂಟೆಯ ಪಾಠವನ್ನು ಹೇಳಿಸುವುದು ದುಸ್ಸಾಧ್ಯವಾದುದೇನೂ ಅಲ್ಲ. ಕಾಪುವಿನಲ್ಲಾಗಲಿ, ಕಾರ್ಕಳದಲ್ಲಾಗಲಿ, ಓಡುವ ಅಥವಾ ಭಾರ ಎತ್ತುವ ಮಕ್ಕಳಿರುವ ತಂದೆತಾಯಿಗಳು ಇಷ್ಟನ್ನು ತಪ್ಪದೆ ಮಾಡಬೇಕೆಂದು ಬೇಡುತ್ತೇನೆ: ತರಬೇತುದಾರರು ಯಾವ ಪುಡಿಯನ್ನೇ ಕೊಡಲಿ, ಯಾವ ಗುಳಿಗೆಯನ್ನೇ ಕೊಡಲಿ, ಅದರ ಹೆಸರನ್ನು ಕಾಗದದ ಮೇಲೆ ಬರೆಯಿಸಿ ಸಹಿಯೊಡನೆ ತೆಗೆದುಕೊಳ್ಳಿರಿ, ಒಬ್ಬ ವೈದ್ಯರಿಗೆ ತೋರಿಸಿರಿ, ಬರೆದುಕೊಡಲು ಹಿಂಜರಿಯುವವರ ಕೈಯಿಂದ ನಿಮ್ಮ ಮಗುವು ಏನನ್ನೂ ಸೇವಿಸದಿರಲಿ.