ಕಲ್ಲಿನಿಂದ ಕೊರಳಿಗೆ: ರಕ್ತಸಾಕ್ಷಿಗಳ ಲ್ಯಾಟಿನ್ ಸ್ತೋತ್ರಗೀತೆಗಳು

ಕೊಪ್ಪಳ, ಅಂದಿನ ಕೊಪಣ, ಜೈನರ ಹಿರಿಯ ತೀರ್ಥ. ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದವರ ಹೆಸರುಗಳು ಅಲ್ಲಿನ ನಿಸಿಧಿ ಶಾಸನಗಳಲ್ಲಿ ಉಳಿದಿವೆ. ಅದೇ ಸೀಮೆಯಲ್ಲಿ ಮೊಹರಂ ಬಂದಾಗ ಕರ್ಬಲಾದಲ್ಲಿ ಮಡಿದವರ ಕಥೆಯನ್ನು ಹಿಂದೂ ಮುಸಲ್ಮಾನರೆನ್ನದೆ ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಒಂದು ಸ್ಮರಣೆ ಕಲ್ಲಿನದು, ಇನ್ನೊಂದು ಕೊರಳಿನದು. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳನ್ನೊಳಗೊಂಡ ಬಳ್ಳಾರಿ ಧರ್ಮಪ್ರಾಂತ್ಯದಲ್ಲಿ ಸೇವೆಗೆ ಸಿದ್ಧರಾಗುವವರು ಆದಿ ಧರ್ಮಸಭೆಯೂ ಈ ಎರಡು ದಾರಿಗಳನ್ನು ತುಳಿದದ್ದನ್ನು ಅರಿಯಬೇಕು.

ಜಗದ್ಗುರು ದಮಾಸಸರು (366–384) ರೋಮಿನ ರಕ್ತಸಾಕ್ಷಿಗಳ ಸಮಾಧಿಗಳ ಮೇಲೆ ಪದ್ಯಶಾಸನಗಳನ್ನು ಕೆತ್ತಿಸಿದರು. ಅವು ಓದುಬಲ್ಲ ಯಾತ್ರಿಕರಿಗೆ. ಮಿಲಾನಿನ ಸಂತ ಆಂಬ್ರೋಸರು ಹಿಡಿದದ್ದು ಬೇರೆ ದಾರಿ. 386ರಲ್ಲಿ ರಾಜಮಾತೆ ಜಸ್ಟಿನಾ ಆರಿಯ ಪಂಥದವರಿಗಾಗಿ ದೇವಾಲಯವನ್ನು ಕೇಳಿದಾಗ ಜನರು ಒಳಗೇ ಜಾಗರಣೆ ಕುಳಿತರು. ಅವರು ಎದೆಗುಂದದಿರಲೆಂದು ಪೂರ್ವದೇಶದ ರೂಢಿಯಂತೆ ಹಾಡುವುದು ಆಗ ಆರಂಭವಾಯಿತೆಂದು ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಒಂಬತ್ತನೆಯ ಭಾಗದಲ್ಲಿ ಬರೆದಿದ್ದಾರೆ. ಅದೇ ವರ್ಷ ಗೆರ್ವಾಸಿಯಸ್ ಮತ್ತು ಪ್ರೊತಾಸಿಯಸರ ಅವಶೇಷಗಳು ದೊರೆತವು. ಆ ಶೋಧವೇ ಆಂಬ್ರೋಸರ ಒಂದು ಸ್ತೋತ್ರದ ವಸ್ತು.

ಈ ಸ್ತೋತ್ರಗಳ ಕಟ್ಟು ಸರಳ: ಎಂಟು ಪದ್ಯ, ಪದ್ಯಕ್ಕೆ ನಾಲ್ಕು ಸಾಲು, ಸಾಲಿಗೆ ಎಂಟು ಅಕ್ಷರ. ಇಂಗ್ಲಿಷ್ ಅನುವಾದ ಓದಿ ಬೆಳೆದವರಿಗೆ ಕಾಣದ ಒಂದು ಸಂಗತಿ ಕನ್ನಡ ಛಂದಸ್ಸು ಕಲಿತವನಿಗೆ ಥಟ್ಟನೆ ಕೇಳಿಸುತ್ತದೆ. ಇಲ್ಲಿನ ಲಯ ಲಘು-ಗುರುಗಳದು. ಮೂರನೆಯ ಮತ್ತು ಏಳನೆಯ ಅಕ್ಷರ ಲಘು. ಎರಡು, ನಾಲ್ಕು, ಆರನೆಯವು ಗುರು. ಒಂದು ಮತ್ತು ಐದನೆಯದು ಎರಡೂ ಆಗಬಹುದು. ನಮ್ಮ ಪ್ರಮಾಣಿಕಾ ವೃತ್ತಕ್ಕೆ ಇದು ಹತ್ತಿರದ ನೆಂಟ. ಸ್ಪೇನಿನ ಪ್ರುಡೆಂಟಿಯಸ್ ಕವಿಯೂ ಸಂತ ಲಾರೆನ್ಸರನ್ನು ಕುರಿತ 584 ಸಾಲುಗಳ ಕಾವ್ಯಕ್ಕೆ ಇದೇ ಛಂದಸ್ಸನ್ನು ಆರಿಸಿಕೊಂಡನು. ಧರ್ಮಸಭೆಯ ಸಂಪತ್ತನ್ನು ತಾ ಎಂದ ಅಧಿಕಾರಿಯ ಮುಂದೆ ಲಾರೆನ್ಸರು ಬಡವರನ್ನು ಸಾಲಾಗಿ ನಿಲ್ಲಿಸುವ ಪ್ರಸಂಗವನ್ನು ಅಲ್ಲಿ ಓದಬೇಕು.

ಆದರೆ ಇವು ವೀರಗಾಥೆಗಳಷ್ಟೇ ಅಲ್ಲ. ರಕ್ತಸಾಕ್ಷಿಯ ಮರಣದಿನವನ್ನು ಧರ್ಮಸಭೆ 'ನತಾಲಿಸ್', ಅಂದರೆ ಜನ್ಮದಿನ ಎಂದು ಕರೆಯಿತು. ಆ ಮರಣದಲ್ಲಿ ಗೆದ್ದವನು ಕ್ರಿಸ್ತನೆಂಬ ನಂಬಿಕೆ ಅದರಲ್ಲಿದೆ. ನಾವು ಬಲಿಪೀಠ ಕಟ್ಟುವುದು ರಕ್ತಸಾಕ್ಷಿಗಳಿಗಲ್ಲ, ಅವರ ದೇವರಿಗೆ ಎಂಬ ಅಗಸ್ಟೀನರ ವಾದವನ್ನು ಸ್ತೋತ್ರದ ಬಗೆಗೂ ಹೇಳಬಹುದು.

1632ರಲ್ಲಿ ಎಂಟನೆಯ ಅರ್ಬನರ ಪ್ರಾರ್ಥನಾ ಪುಸ್ತಕ ಹಳೆಯ ಸ್ತೋತ್ರಗಳನ್ನು ನೂರಾರು ಕಡೆ 'ತಿದ್ದಿತು'. ವ್ಯಾಕರಣ ಉಳಿಯಿತು, ಭಕ್ತಿ ಸೊರಗಿತು ಎಂದು ನನಗೂ ಅನ್ನಿಸುತ್ತದೆ. ಮೂಲರೂಪಕ್ಕೆ ಮರಳಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ವಿಧಿಸಿತು. 1971ರ ಯಾಮಪ್ರಾರ್ಥನೆಗೆ ಬೆನೆಡಿಕ್ಟ್ ಸಭೆಯ ಲೆಂತಿನಿಯವರ ನೇತೃತ್ವದಲ್ಲಿ ಅವು ಪರಿಷ್ಕಾರಗೊಂಡವು.

ನಮ್ಮಲ್ಲಿ ಅವುಗಳ ಗತಿ? ಜನವರಿ 21ರ ಆಗ್ನೆಸ್, ಆಗಸ್ಟ್ 10ರ ಲಾರೆನ್ಸ್ ಹಬ್ಬಗಳಂದು ಗುರುಗಳು ಕೋಣೆಯಲ್ಲಿ ಇಂಗ್ಲಿಷಿನಲ್ಲಿ ಮೌನವಾಗಿ ಓದಿ ಮುಗಿಸುವುದೇ ಹೆಚ್ಚು. ಕೊರಳಿನದು ಮತ್ತೆ ಕಲ್ಲಾಗಿದೆ. ಕನ್ನಡಿಸುವವರು ಪ್ರಮಾಣಿಕಾ ವೃತ್ತದ ಪಾಂಡಿತ್ಯಕ್ಕೆ ಹೋಗದೆ, ಯಲಬುರ್ಗಾದ ತಾಯಂದಿರು ಒಮ್ಮೆ ಕೇಳಿ ಮರುದನಿ ಕೊಡಬಲ್ಲ ಮಾತ್ರಾಲಯದಲ್ಲಿ ಬರೆಯಲಿ. ಹಾಡು ಉದ್ದವಾಯಿತೆಂದು ಕತ್ತರಿಸುವಾಗ ಮೊದಲು ಬೀಳುವುದು ಸಾಮಾನ್ಯವಾಗಿ ಕೊನೆಯ ಪದ್ಯ, ತ್ರಿಯೇಕ ದೇವರ ಮಹಿಮಾಸ್ತುತಿ. ಬೇರೆ ಯಾವುದನ್ನಾದರೂ ಬಿಡಿ, ಅದನ್ನು ಬಿಡಬೇಡಿ.