ಲ್ಯಾನ್ಸರ್ ಯಾಕೆ ಅಗ್ಗ, ಜಿಪ್ಸಿ ಯಾಕೆ ತುಟ್ಟಿ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಗಾಡಿಗಳಿಗೆ ಕೆಎ-45 ನಂಬರು ಕೊಡುವುದು ಹುಣಸೂರಿನ ಆರ್‌ಟಿಒ ಕಚೇರಿ. ಈ ಭಾಗದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಾ ಹೊರಟ ಹುಡುಗರ ಕಣ್ಣು ಒಮ್ಮೆಯಾದರೂ ಹಳೆಯ ಜಪಾನಿ ಕಾರಿನ ಮೇಲೆ ಬೀಳುತ್ತದೆ. 1998ರಲ್ಲಿ ಮಿತ್ಸುಬಿಷಿ ಲ್ಯಾನ್ಸರ್ ಕೊಳ್ಳಲು ಹೆಚ್ಚುಕಡಿಮೆ ಮೂರು ಮಾರುತಿ 800ರ ದುಡ್ಡು ಬೇಕಿತ್ತು. ಇವತ್ತು ಅದೇ ಕಾರು ಒಂದು ಹೊಸ ಬೈಕಿನ ಬೆಲೆಗೆ ಸಿಗುತ್ತದೆ. ಅದರ ಪಕ್ಕದಲ್ಲೇ ನಿಂತಿರುವ, ಅದಕ್ಕಿಂತ ಹಳೆಯ, ಏಸಿಯೂ ಇಲ್ಲದ ಮಾರುತಿ ಜಿಪ್ಸಿಗೆ ಮಾಲೀಕರು ಮೂರ್ನಾಲ್ಕು ಪಟ್ಟು ಹೇಳುತ್ತಾರೆ. ಎರಡೂ ಜಪಾನಿ ಮೂಲದವೇ. ಹಾಗಿದ್ದರೆ ಈ ಅಂತರ ಎಲ್ಲಿಂದ ಬಂತು?

ಉತ್ತರ ಸರಳ. ಹಳೆಯ ಕಾರಿನ ಬೆಲೆ ಅದು ಎಷ್ಟು ಒಳ್ಳೆಯ ಕಾರು ಎಂಬುದರ ಮೇಲೆ ನಿಂತಿಲ್ಲ. ಅದನ್ನು ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳಲು ಎಷ್ಟು ಖರ್ಚಾಗುತ್ತದೆ, ನಾಳೆ ಅದನ್ನು ಕೊಳ್ಳುವವರು ಎಷ್ಟು ಮಂದಿ ಇದ್ದಾರೆ ಎಂಬ ಎರಡು ಲೆಕ್ಕದ ಮೇಲೆ ನಿಂತಿದೆ.

ಯಾವ ಕಾರುಗಳ ಮಾತು?

ಜಪಾನಿನ ಎರಡು ಬಾಗಿಲಿನ ಅಸಲಿ ಸ್ಪೋರ್ಟ್ಸ್ ಕಾರುಗಳು ನಮ್ಮ ರಸ್ತೆಗೆ ಬಂದದ್ದೇ ಅಪರೂಪ. ಬಳಸಿದ ಕಾರನ್ನು ಆಮದು ಮಾಡಿಕೊಳ್ಳಬೇಕಾದರೆ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು ಎಂಬ ನಿಯಮ ಇರುವುದರಿಂದ ಅಲ್ಲಿನ ಹಳೆಯ ಕಾರು ಇಲ್ಲಿಗೆ ಬರುವ ದಾರಿಯೂ ಇಲ್ಲ. ನಮಗೆ ಸಿಕ್ಕಿದ್ದು ಅದೇ ಕಂಪನಿಗಳ ಚುರುಕಾದ ಸೆಡಾನ್‌ಗಳು. ಹಿಂದೂಸ್ತಾನ್ ಮೋಟಾರ್ಸ್ ಚೆನ್ನೈ ಬಳಿಯ ತಿರುವಳ್ಳೂರಿನಲ್ಲಿ ತಯಾರಿಸಿದ ಲ್ಯಾನ್ಸರ್, 2006ರಲ್ಲಿ ಬಂದ ಎರಡು ಲೀಟರ್ ಇಂಜಿನ್ನಿನ ಮಿತ್ಸುಬಿಷಿ ಸಿಡಿಯಾ, 2000ದಲ್ಲಿ ಬಂದ 106 ಅಶ್ವಶಕ್ತಿಯ ಹೋಂಡಾ ಸಿಟಿ ವಿಟೆಕ್, 1.6 ಲೀಟರಿನ ಹಳೆಯ ಬಲೆನೊ ಸೆಡಾನ್. ಓಡಿಸಿ ನೋಡಿದವರಿಗೆ ಇವುಗಳ ಮೇಲೆ ಇವತ್ತಿಗೂ ಮೋಹ. ಅದು ಸುಳ್ಳು ಮೋಹವಲ್ಲ. ಟಾಮಿ ಮ್ಯಾಕಿನೆನ್ 1996ರಿಂದ 1999ರವರೆಗೆ ಸತತ ನಾಲ್ಕು ಬಾರಿ ವಿಶ್ವ ರ‍್ಯಾಲಿ ಚಾಂಪಿಯನ್ ಆದದ್ದು ಲ್ಯಾನ್ಸರ್ ಇವಲ್ಯೂಷನ್‌ನಲ್ಲಿ. ನಮ್ಮ ದೇಶದ ರ‍್ಯಾಲಿಗಳಲ್ಲಿ ಸಿಡಿಯಾ ವರ್ಷಗಟ್ಟಲೆ ಮೆರೆದಿದೆ. ಇಷ್ಟು ಹೆಸರಿದ್ದೂ ಬೆಲೆ ನೆಲಕಚ್ಚಿದ್ದಕ್ಕೆ ಕಾರಣಗಳಿವೆ.

ಮೊದಲ ಕಾರಣ: ಬಿಡಿಭಾಗ

ಮಿತ್ಸುಬಿಷಿ ಇವತ್ತು ಭಾರತದಲ್ಲಿ ಹೊಸ ಕಾರು ಮಾರುತ್ತಿಲ್ಲ. ಇದರ ಬಿಸಿ ತಟ್ಟುವುದು ಚಿಕ್ಕ ಅಪಘಾತವಾದ ದಿನ. ಎಮ್ಮೆ ಅಡ್ಡ ಬಂದು ಲ್ಯಾನ್ಸರ್‌ನ ಹೆಡ್‌ಲೈಟು ಒಡೆಯಿತು ಎನ್ನಿ. ಹುಣಸೂರಿನ ಅಂಗಡಿಯಲ್ಲಿ ಅದು ಸಿಗುವುದಿಲ್ಲ. ಮೈಸೂರಿನಲ್ಲಿ ವಿಚಾರಿಸಬೇಕು, ಅಲ್ಲೂ ಇಲ್ಲವೆಂದರೆ ಬೆಂಗಳೂರಿನ ಗುಜರಿ ಅಂಗಡಿಗಳಲ್ಲಿ ಹುಡುಕಬೇಕು. ಸಿಕ್ಕ ಹೆಡ್‌ಲೈಟೂ ಇನ್ನೊಂದು ಸತ್ತ ಲ್ಯಾನ್ಸರ್‌ನಿಂದ ಬಿಚ್ಚಿದ್ದೇ. ಅಲ್ಲಿಯವರೆಗೆ ಕಾರು ಮನೆ ಮುಂದೆ ನಿಂತಿರುತ್ತದೆ.

ಜಿಪ್ಸಿಯ ಕಥೆಯೇ ಬೇರೆ. 1985ರಲ್ಲಿ ಶುರುವಾದ ಅದರ ತಯಾರಿಕೆ 2019ರವರೆಗೂ ನಡೆಯಿತು. ಚಾಸಿ, ಎಲೆ ಸ್ಪ್ರಿಂಗು, ಫೋರ್ ವೀಲ್ ಡ್ರೈವ್ ಗೇರು ಇವೆಲ್ಲದರ ಸ್ವರೂಪ ಅಷ್ಟು ವರ್ಷದಲ್ಲಿ ಹೆಚ್ಚು ಬದಲಾಗಲಿಲ್ಲ. ಸೇನೆ, ಪೊಲೀಸ್, ಕೊಡಗಿನ ಕಾಫಿ ತೋಟ, ರ‍್ಯಾಲಿ ಎಲ್ಲೆಡೆ ಓಡಿದ ಗಾಡಿಯಾದ್ದರಿಂದ ಬಿಡಿಭಾಗವೂ ಉಂಟು, ಕೈ ಪಳಗಿದ ಮೆಕ್ಯಾನಿಕ್ಕುಗಳೂ ಉಂಟು. ಪಿರಿಯಾಪಟ್ಟಣ ದಾಟಿದರೆ ಕೊಡಗು. ತೋಟದ ಕೆಸರು ದಾರಿಯಲ್ಲಿ ಜಿಪ್ಸಿ ಮಾಡುವ ಕೆಲಸವನ್ನು ಅಷ್ಟೇ ಹಗುರಾಗಿ ಮಾಡುವ ಹೊಸ ಗಾಡಿಗೆ ಬಹಳ ದುಡ್ಡು ಸುರಿಯಬೇಕು. ಕೊಳ್ಳುವವರು ಸಾಲಿನಲ್ಲಿ ಇರುವಾಗ ಬೆಲೆ ಯಾಕೆ ಇಳಿದೀತು?

ಎರಡನೆಯದು: ಪೆಟ್ರೋಲಿನ ಲೆಕ್ಕ

ಒಂದು ಕಾಗದ ತೆಗೆದುಕೊಂಡು ಕೂತು ಲೆಕ್ಕ ಹಾಕಿ. ತಿಂಗಳಿಗೆ 1,000 ಕಿ.ಮೀ. ಓಡಾಟ, ಪೆಟ್ರೋಲು ಲೀಟರಿಗೆ ಸರಾಸರಿ 100 ರೂಪಾಯಿ ಎಂದು ಇಟ್ಟುಕೊಳ್ಳೋಣ. ಲೀಟರಿಗೆ 10 ಕಿ.ಮೀ. ಕೊಡುವ ಹಳೆಯ ಸೆಡಾನ್ ವರ್ಷಕ್ಕೆ 1,20,000 ರೂಪಾಯಿ ಕುಡಿಯುತ್ತದೆ. 20 ಕಿ.ಮೀ. ಕೊಡುವ ಸಣ್ಣ ಕಾರಿಗೆ 60,000 ಸಾಕು. ಎರಡು ವರ್ಷ ಓಡಿಸುವಷ್ಟರಲ್ಲಿ ಈ ವ್ಯತ್ಯಾಸವೇ ಲ್ಯಾನ್ಸರ್‌ನ ಪೂರ್ತಿ ಬೆಲೆಯಷ್ಟಾಗುತ್ತದೆ. ಕೊಳ್ಳುವವರಿಗೂ ಈ ಲೆಕ್ಕ ಗೊತ್ತು, ಆದ್ದರಿಂದಲೇ ಅವರು ಮೊದಲೇ ಬೆಲೆ ಕಡಿಮೆ ಕೇಳುತ್ತಾರೆ. ಹೊಗೆಸೊಪ್ಪಿನ ಹರಾಜು ಮುಗಿದು ಕೈಗೆ ದುಡ್ಡು ಬಂದ ರೈತನೂ ಗೊಬ್ಬರದ ಮೂಟೆ ಹೇರಬಲ್ಲ ಪಿಕಪ್ಪನ್ನೋ ಡೀಸೆಲ್ ಜೀಪನ್ನೋ ನೋಡುತ್ತಾನೆಯೇ ಹೊರತು, ಊರಿನ ಪ್ರತಿ ರಸ್ತೆ ಉಬ್ಬಿಗೂ ಹೊಟ್ಟೆ ಉಜ್ಜುವ ತಗ್ಗು ಸೆಡಾನನ್ನಲ್ಲ.

ಮೂರನೆಯದು: ಕಾಗದಪತ್ರ

ಹೊಸ ಖಾಸಗಿ ಕಾರಿನ ಆರ್‌ಸಿ 15 ವರ್ಷ ಚಾಲ್ತಿಯಲ್ಲಿರುತ್ತದೆ. ಆಮೇಲೆ ಗಾಡಿಯನ್ನು ತಪಾಸಣೆಗೆ ಒಡ್ಡಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರಿಗೆ ನವೀಕರಣದ ಶುಲ್ಕ 5,000 ರೂಪಾಯಿ ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000ಕ್ಕೆ ಏರಿಸಲಾಯಿತು. ಇದರ ಮೇಲೆ ಹಸಿರು ತೆರಿಗೆ, ವಿಮೆ. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ಎಂದು ಪ್ರತ್ಯೇಕ ನೋಂದಣಿ ಇದೆಯಾದರೂ 1998ರ ಲ್ಯಾನ್ಸರ್ ಆ ಅರ್ಹತೆ ಪಡೆಯುವುದು 2048ಕ್ಕೆ. ಅಂದರೆ ಈಗ ಅದು ಹೊಸದೂ ಅಲ್ಲ, ಪುರಾತನವೂ ಅಲ್ಲ. ನಡುವಿನ ಕಷ್ಟದ ವಯಸ್ಸು. ಬೆಲೆ ಅತಿ ತಳಕ್ಕೆ ಇಳಿಯುವುದು ಈ ವಯಸ್ಸಿನಲ್ಲೇ.

ಹೊರ ರಾಜ್ಯದ ಗಾಡಿಯ ಬಗ್ಗೆ ವಿಶೇಷ ಎಚ್ಚರ ಬೇಕು. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಕಾರುಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿನ ಕಾರುಗಳು ಅಗ್ಗದಲ್ಲಿ ದಕ್ಷಿಣಕ್ಕೆ ಹರಿದು ಬಂದವು. ಎಚ್.ಡಿ. ಕೋಟೆಯವರಿಗೆ ಬಾವಲಿ ದಾಟಿದರೆ ವಯನಾಡು, ಅಲ್ಲಿನ ಕೆಎಲ್ ನಂಬರಿನ ಕಾರುಗಳೂ ಕಣ್ಣಿಗೆ ಬೀಳುತ್ತವೆ. ಆದರೆ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಎನ್‌ಒಸಿ ತಂದು ಇಲ್ಲಿನ ನಂಬರು ಪಡೆಯಲೇಬೇಕು, ಕರ್ನಾಟಕದ ತೆರಿಗೆಯನ್ನೂ ಕಟ್ಟಬೇಕು. ಬ್ರೋಕರ್ ಹೇಳುವ ಬೆಲೆಯಲ್ಲಿ ಇದ್ಯಾವುದೂ ಸೇರಿರುವುದಿಲ್ಲ.

ಹೊರದೇಶದಲ್ಲೂ ಇದೇ ಲೆಕ್ಕ

ಜಪಾನಿನಲ್ಲಿ ಕಾರನ್ನು ಮೊದಲ ಮೂರು ವರ್ಷದ ನಂತರ ಪ್ರತಿ ಎರಡು ವರ್ಷಕ್ಕೊಮ್ಮೆ ದುಬಾರಿ ತಪಾಸಣೆಗೆ ಒಯ್ಯಬೇಕು, 13 ವರ್ಷ ದಾಟಿದ ಪೆಟ್ರೋಲ್ ಕಾರಿಗೆ ತೆರಿಗೆಯೂ ಏರುತ್ತದೆ. ಹೀಗಾಗಿ ಚೆನ್ನಾಗಿರುವ ಕಾರುಗಳನ್ನೇ ಜನ ಕೈಬಿಡುತ್ತಾರೆ. ಮಾಜ್ದಾ ಆರ್‌ಎಕ್ಸ್-8 ಅಗ್ಗವಾಗಿರುವುದಕ್ಕೆ ಅದರ ರೋಟರಿ ಇಂಜಿನ್ನೇ ಕಾರಣ. ಪಿಸ್ಟನ್ನಿನ ಜಾಗದಲ್ಲಿ ತಿರುಗುವ ತ್ರಿಕೋನಾಕಾರದ ರೋಟರಿನ ಮೂರು ತುದಿಗಳಲ್ಲಿ ಸೀಲುಗಳಿರುತ್ತವೆ. ಅವು ಸವೆದರೆ ಕಂಪ್ರೆಷನ್ ಬಿದ್ದುಹೋಗಿ, ಬಿಸಿಯಾದ ಇಂಜಿನ್ ಮತ್ತೆ ಸ್ಟಾರ್ಟ್ ಆಗಲು ತಕರಾರು ಮಾಡುತ್ತದೆ. ಆಗ ಇಂಜಿನ್ ಪೂರ್ತಿ ಬಿಚ್ಚಬೇಕು. ಅದಕ್ಕಿಂತ ಹಿಂದಿನ ನಿಸಾನ್ ಸ್ಕೈಲೈನ್ ಜಿಟಿ-ಆರ್ ಮಾತ್ರ ಚಿನ್ನದ ಬೆಲೆಗೆ ಏರಿತು. ತಯಾರಾದದ್ದು ಕಡಿಮೆ, ಸಿನಿಮಾ ಮತ್ತು ವಿಡಿಯೊ ಗೇಮುಗಳು ಅದನ್ನು ಒಂದು ಪೀಳಿಗೆಯ ಕನಸಾಗಿಸಿದವು, 25 ವರ್ಷ ತುಂಬಿದ ಕಾರನ್ನು ಅಮೆರಿಕ ಆಮದಿಗೆ ಬಿಟ್ಟುಕೊಳ್ಳುತ್ತದೆ. ನಮ್ಮಲ್ಲಿ ಯಮಹಾ ಆರ್‌ಎಕ್ಸ್ 100 ಬೈಕಿಗೂ ಹೀಗೇ ಆಯಿತು. 1996ರಲ್ಲಿ ನಿಂತುಹೋದ ಆ 98 ಸಿಸಿ ಗಾಡಿ, ತನ್ನ ಹೊಸತನದ ದಿನಗಳಿಗಿಂತ ಎಷ್ಟೋ ಪಟ್ಟು ಹೆಚ್ಚಿನ ಬೆಲೆಗೆ ಇವತ್ತು ಮಾರಾಟವಾಗುತ್ತದೆ. ಬೇಕೆನ್ನುವವರು ಬಹಳ, ದುರಸ್ತಿ ಸುಲಭ.

ಕೊಳ್ಳುವುದೇ ಆದರೆ

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ, ನಿಮ್ಮ ಮುಂದೆಯೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ರಿಂಗು ಇಲ್ಲವೇ ವಾಲ್ವ್ ಸೀಲು ಹೋಗಿದೆ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದು ಎಂದು ಕೇಳಿ, ಬಿಲ್ಲು ತೋರಿಸದಿದ್ದರೆ ಹಾಕಿಸಿಯೇ ಇಲ್ಲ ಎಂದುಕೊಳ್ಳಿ. ಈ ರಬ್ಬರ್ ಬೆಲ್ಟ್ ಓಡುವಾಗ ತುಂಡಾದರೆ ಹಲವು ಇಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿದು ವಾಲ್ವು ಬಾಗುತ್ತದೆ. ಆಮೇಲಿನ ರಿಪೇರಿಗೆ ಕಾರಿನ ಬೆಲೆಯ ಒಂದು ಪಾಲೇ ಹೋಗುತ್ತದೆ. ಕಾರನ್ನು ಎತ್ತಿಸಿ ಕೆಳಗಿನ ತುಕ್ಕು ನೋಡಿ. ಪೆಟ್ರೋಲ್ ಪೈಪುಗಳನ್ನು ಬೆರಳಿನಲ್ಲಿ ಒತ್ತಿ ನೋಡಿ. ಈಗ ಬಂಕಿನಲ್ಲಿ ಸಿಗುವ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರು ಉಬ್ಬುತ್ತದೆ, ಬಿರಿಯುತ್ತದೆ. ಆರ್‌ಸಿಯಲ್ಲಿರುವ ಚಾಸಿ, ಇಂಜಿನ್ ನಂಬರು ಗಾಡಿಯಲ್ಲಿ ಕೆತ್ತಿದ್ದಕ್ಕೆ ತಾಳೆಯಾಗಲೇಬೇಕು. ಸಾಲ ತೀರಿದೆಯೇ, ಬಾಕಿ ದಂಡ ಉಂಟೇ ಎಂಬುದನ್ನು ಆನ್‌ಲೈನ್‌ನಲ್ಲೇ ನೋಡಬಹುದು. ಆರ್‌ಸಿ ವರ್ಗಾವಣೆಗೆ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಳ್ಳದೆ ಪೂರ್ತಿ ದುಡ್ಡು ಕೊಡಬೇಡಿ.

ಮನೆಗೆ ಇದೊಂದೇ ಗಾಡಿ, ಮಕ್ಕಳನ್ನು ಶಾಲೆಗೆ, ಅಜ್ಜಿಯನ್ನು ಮೈಸೂರಿನ ಆಸ್ಪತ್ರೆಗೆ ಇದರಲ್ಲೇ ಕರೆದೊಯ್ಯಬೇಕು ಎನ್ನುವವರು ಇಂಥ ಕಾರಿನ ತಂಟೆಗೆ ಹೋಗದಿರುವುದೇ ಒಳ್ಳೆಯದು. ಬೇರೆ ಗಾಡಿ ಇದೆ, ಒಬ್ಬ ನಂಬಿಕೆಯ ಮೆಕ್ಯಾನಿಕ್ ಇದ್ದಾನೆ, ಕಾರಿನ ಬೆಲೆಯಷ್ಟೇ ದುಡ್ಡನ್ನು ರಿಪೇರಿಗೆಂದು ಪಕ್ಕಕ್ಕೆ ಎತ್ತಿಡಬಲ್ಲೆ ಎನ್ನುವವರು ಧೈರ್ಯವಾಗಿ ಕೊಳ್ಳಲಿ. ಅಂಥವರ ಕೈಗೆ ಬಂದ ಲ್ಯಾನ್ಸರ್ ಗುಜರಿಗೆ ಹೋಗದೆ ಉಳಿಯುತ್ತದೆ. ಇವು ಚೆನ್ನಾಗಿ ಕಟ್ಟಿದ ಯಂತ್ರಗಳು, ಉಳಿಯಬೇಕಾದವು.