ಮಲ್ಪೆಯಿಂದ ಮಾಲ್ವಣದವರೆಗೆ ಕಡಲು ಬೆಸೆದ ಬಾಂಧವ್ಯ

ಮುಂಬಯಿ: ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿಯನ್ನು ಕರ್ಮಭೂಮಿಯಾಗಿಸಿಕೊಂಡ ತುಳು-ಕನ್ನಡಿಗರಲ್ಲಿ ಮೊಗವೀರ ಬಾಂಧವರದ್ದು ಹಳೆಯ ಹೆಸರು. 1902ರಲ್ಲಿ ಇಲ್ಲಿ ಸ್ಥಾಪನೆಗೊಂಡ ಮೊಗವೀರ ವ್ಯವಸ್ಥಾಪಕ ಮಂಡಳಿಯು ಅಂಧೇರಿ ಪಶ್ಚಿಮದಲ್ಲಿ ವಿದ್ಯಾಸಂಸ್ಥೆಯನ್ನು ನಡೆಸುತ್ತಿದೆ. ನಗರಕ್ಕೆ ಬಂದವರು ಕಚೇರಿ, ಬ್ಯಾಂಕು, ಉದ್ಯಮಗಳಲ್ಲಿ ನೆಲೆ ಕಂಡರೂ ಊರಿನಲ್ಲಿ ಉಳಿದ ಅಣ್ಣತಮ್ಮಂದಿರಲ್ಲಿ ಅನೇಕರು ಇಂದಿಗೂ ಕಡಲನ್ನೇ ನಂಬಿ ಬದುಕುತ್ತಿದ್ದಾರೆ. ಅವರ ಕಡಲ ದಾರಿಯೂ ಮಹಾರಾಷ್ಟ್ರದತ್ತಲೇ ಸಾಗುತ್ತದೆ ಎಂಬುದು ಇಲ್ಲಿನ ಹೊಸ ಪೀಳಿಗೆಯ ಅನೇಕರಿಗೆ ತಿಳಿದಿರಲಿಕ್ಕಿಲ್ಲ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಅದು ಮುಗಿದ ಬಳಿಕ ಮಲ್ಪೆಯ ಆಳಸಮುದ್ರ ಟ್ರಾಲ್ ಬೋಟುಗಳು ಮಂಜುಗಡ್ಡೆ, ಡೀಸೆಲ್, ಕುಡಿಯುವ ನೀರು, ಅಕ್ಕಿ ತುಂಬಿಕೊಂಡು ಹೊರಡುತ್ತವೆ. ಒಮ್ಮೆ ಹೋದರೆ ಹತ್ತು-ಹನ್ನೆರಡು ದಿನ ನೀರಿನ ಮೇಲೆಯೇ ವಾಸ. ಬೊಂಡಾಸ್, ರಾಣಿಮೀನು ಅರಸುತ್ತ ಗೋವಾ ದಾಟಿ ಮಾಲ್ವಣ, ದೇವಗಡ, ರತ್ನಾಗಿರಿಯ ಹೊರಗಿನ ಆಳನೀರಿನ ವರೆಗೂ ಸಾಗುತ್ತವೆ. ಬೋಟಿನ ಹೊಣೆ ತಾಂಡೇಲನದು. ಮಲ್ಪೆಯವರ ಜತೆ ಭಟ್ಕಳ, ಹೊನ್ನಾವರ, ಕುಮಟೆಯ ಕೆಲಸಗಾರರೂ ಒಂದೇ ಪಾತ್ರೆಯ ಗಂಜಿ ಉಣ್ಣುತ್ತಾರೆ. ಊರು, ಜಾತಿ ಬೇರೆಯಾದರೂ ಅಲೆಯ ಮುಂದೆ ಎಲ್ಲರೂ ಒಂದೇ.

ಬೋಟುಗಳು ಸಾಮಾನ್ಯವಾಗಿ ಗುಂಪಾಗಿ ಸಾಗುತ್ತವೆ. ಮೀನು ಸಿಕ್ಕಿದ ಸುದ್ದಿ, ಗಾಳಿಯ ಮುನ್ಸೂಚನೆ, ಊರಿನ ಸಮಾಚಾರ ಎಲ್ಲವೂ ವೈರ್‌ಲೆಸ್‌ನಲ್ಲಿ ವಿನಿಮಯವಾಗುತ್ತವೆ. ಒಂದು ಬೋಟಿನ ಎಂಜಿನ್ ಕೆಟ್ಟರೆ ಮತ್ತೊಂದು ಬೋಟು ತನ್ನ ಬಲೆ ಎತ್ತಿಕೊಂಡು ಹಗ್ಗ ಕಟ್ಟಿ ಬಂದರಿಗೆ ಎಳೆದು ತರುತ್ತದೆ. ಡೀಸೆಲ್ ಖರ್ಚು, ಮೀನು ನಷ್ಟ. ಆದರೂ ನಾಳೆ ತನಗೂ ಇದೇ ಗತಿ ಬರಬಹುದೆಂಬ ಅರಿವು ಪ್ರತಿಯೊಬ್ಬ ತಾಂಡೇಲನಿಗೂ ಇದೆ.

ಹಾಗೆಂದು ಎಲ್ಲವೂ ಸುಗಮವಲ್ಲ. ದಡದಿಂದ 12 ನಾಟಿಕಲ್ ಮೈಲು ಆಯಾ ರಾಜ್ಯದ ವ್ಯಾಪ್ತಿ. ಅದರೊಳಗೆ ಹೊರರಾಜ್ಯದ ವೇಗದ ಟ್ರಾಲರುಗಳು ನುಗ್ಗುತ್ತವೆ, ತಮ್ಮ ಮೀನು ದೋಚುತ್ತವೆ ಎಂಬುದು ಸಿಂಧುದುರ್ಗದ ಸಾಂಪ್ರದಾಯಿಕ ಮೀನುಗಾರರ ಹಳೆಯ ಅಳಲು. ಅವರದೂ ಹೊಟ್ಟೆಯ ಪ್ರಶ್ನೆಯೇ. ಆದರೆ ಸಂಕಟದ ಹೊತ್ತಿನಲ್ಲಿ ಅದೇ ದಡ ಆಸರೆಯಾದ ಉದಾಹರಣೆಯಿದೆ. 2017ರ ಡಿಸೆಂಬರ್ ಆರಂಭದಲ್ಲಿ ಓಖಿ ಚಂಡಮಾರುತಕ್ಕೆ ಸಿಲುಕಿದ ಕೇರಳದ 66 ಹಾಗೂ ತಮಿಳುನಾಡಿನ 2 ಬೋಟುಗಳು 952 ಮೀನುಗಾರರೊಂದಿಗೆ ದೇವಗಡ ಸೇರಿ ಬದುಕಿಕೊಂಡವು.

ಆ ಅದೃಷ್ಟ ಮಲ್ಪೆಯ ಸುವರ್ಣ ತ್ರಿಭುಜ ಬೋಟಿಗೆ ಒದಗಲಿಲ್ಲ. 2018ರ ಡಿಸೆಂಬರ್ 13ರಂದು ಹೊರಟ ಈ ಬೋಟು 15ರ ತಡರಾತ್ರಿ ಮಹಾರಾಷ್ಟ್ರದ ಕಡಲಿನಲ್ಲಿ ಸಂಪರ್ಕ ಕಡಿದುಕೊಂಡಿತು. ಅದರಲ್ಲಿದ್ದವರು ಏಳು ಮಂದಿ. ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. ಅವರನ್ನು ಹುಡುಕಿಕೊಡಿ ಎಂದು 2019ರ ಜನವರಿ 6ರಂದು ಸಾವಿರಾರು ಮೀನುಗಾರರು ಬೀದಿಗಿಳಿದರು. ಕೊನೆಗೆ ಅದೇ ವರ್ಷ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಮಾಲ್ವಣದ ಹೊರಗೆ ಸುಮಾರು 33 ಕಿ.ಮೀ. ದೂರದಲ್ಲಿ ಬೋಟಿನ ಅವಶೇಷ ಪತ್ತೆಹಚ್ಚಿತು. ಏಳು ಮನೆಗಳಿಗೆ ಮಾತ್ರ ಯಾರೂ ಮರಳಲಿಲ್ಲ.

ಮೊಬೈಲ್ ಸಿಗ್ನಲ್ ಸಿಗದ ಆಳಸಮುದ್ರದಲ್ಲಿ ವೈರ್‌ಲೆಸ್ ಒಂದನ್ನೇ ನಂಬುವುದು ಎಷ್ಟು ಅಪಾಯವೆಂಬುದನ್ನು ಈ ದುರಂತ ಕಲಿಸಿತು. ಉಪಗ್ರಹದ ಮೂಲಕ ಸಂದೇಶ ಕಳುಹಿಸುವ, ಪಡೆಯುವ ಟ್ರಾನ್ಸ್‌ಪಾಂಡರ್‌ಗಳನ್ನು ದೇಶದ 1 ಲಕ್ಷ ಬೋಟುಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟ್ 30ರಂದು ಮುಂಬಯಿಗೆ ಸಮೀಪದ ಪಾಲ್ಘರ್‌ನಲ್ಲಿ ಪ್ರಧಾನಿಯವರು ಚಾಲನೆ ನೀಡಿದರು. ಕಡಲಲ್ಲಿ ಅವಘಡ ಸಂಭವಿಸಿದರೆ ಕೋಸ್ಟ್ ಗಾರ್ಡ್‌ಗೆ ತಿಳಿಸಲು 1554 ಸಂಖ್ಯೆಯಿದೆ.

ಉಪಕರಣ ಎಷ್ಟೇ ಬಂದರೂ ಕೊನೆಗೆ ಹಗ್ಗ ಎಸೆಯಬೇಕಾದವನು ಪಕ್ಕದ ಬೋಟಿನ ಮನುಷ್ಯನೇ. ಊರಿನ ಬೋಟು ಮಹಾರಾಷ್ಟ್ರದ ಬಂದರಿನಲ್ಲಿ ಕಷ್ಟಕ್ಕೆ ಸಿಲುಕಿದಾಗ ಅಲ್ಲಿನ ಭಾಷೆ, ಕಚೇರಿ, ಕೋಲಿ ಬಾಂಧವರ ಒಡನಾಟ ಬಲ್ಲವರು ಮುಂಬಯಿ ಕನ್ನಡಿಗರು. ನಮ್ಮ ಸಂಘ-ಸಂಸ್ಥೆಗಳು ಎರಡೂ ದಡಗಳ ನಡುವಿನ ಕೊಂಡಿಯಾದರೆ, ನೀರಿನ ಮೇಲೆ ಬೆಳೆದ ಸ್ನೇಹಕ್ಕೆ ನೆಲದ ಮೇಲೂ ಬಲ ಬಂದೀತು.